ಕ್ಯಾಟ್ ಬಾಗಿಲೋ, ಜಿಮ್ಯಾಟ್ ಬಾಗಿಲೋ: ಎಂಬಿಎಗೆ ಅರ್ಜಿ ಹಾಕುವ ಮುನ್ನ

ಹೋದ ಆಗಸ್ಟ್‌ನಲ್ಲಿ ಚಿಕ್ಕಮ್ಮನ ಮಗ ಫೋನ್ ಮಾಡಿದ. ಅರಸೀಕೆರೆಯ ಹುಡುಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. "ಅಣ್ಣ, ಎಂಬಿಎ ಮಾಡ್ಬೇಕು ಅಂತಿದೀನಿ. ಯಾವ ಕೋಚಿಂಗ್ ಸೇರ್ಲಿ?" ಅಂದ.

"ಕೋಚಿಂಗ್ ಆಮೇಲೆ. ನಿನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್ ಎಲ್ಲಿದೆ?" ಅಂತ ಕೇಳಿದೆ.

ಅವನಿಗೆ ಸ್ವಲ್ಪ ಬೇಜಾರಾಯಿತು. ಕೆಲಸಕ್ಕೆ ಸೇರಿ ಮೂರು ವರ್ಷ ಆದಮೇಲೂ ಪಿಯುಸಿ ಮಾರ್ಕ್ಸ್ ಯಾರು ಕೇಳುತ್ತಾರೆ ಅನ್ನಿಸಿರಬೇಕು. ನನಗೂ ಹಾಗೇ ಅನ್ನಿಸಿತ್ತು. ಆ ತಪ್ಪು ತಿಳುವಳಿಕೆಯಿಂದಲೇ ಎರಡು ವರ್ಷ ಕಳೆದುಕೊಂಡೆ. ಐಐಎಂಗಳಂಥ ದೊಡ್ಡ ಮ್ಯಾನೇಜ್‌ಮೆಂಟ್ ಕಾಲೇಜು ಸೇರಲು ಬರೆಯುವ ಕ್ಯಾಟ್ ಪರೀಕ್ಷೆಯನ್ನು ಸತತ ಎರಡು ಸಲ ಬರೆದೆ, ಎರಡನೇ ಸಲ 98ರ ಮೇಲೆ ಪರ್ಸೆಂಟೈಲ್ ಬಂತು, ಅಂದರೆ ಬರೆದ ನೂರರಲ್ಲಿ 98 ಜನರಿಗಿಂತ ಮುಂದೆ, ಆದರೂ ನಾನು ಆಸೆಪಟ್ಟ ಕಡೆಯಿಂದ ಸಂದರ್ಶನಕ್ಕೆ ಕರೆ ಬರಲಿಲ್ಲ. ಪಿಯುಸಿಯಲ್ಲಿ ನನಗೆ ಬಂದಿದ್ದು 68 ಪರ್ಸೆಂಟ್. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರೆ ನಾನು ಬೇರೆ ಬಾಗಿಲು ತಟ್ಟುತ್ತಿದ್ದೆ. ಕೊನೆಗೆ ತಟ್ಟಿದೆ ಕೂಡ. ವಿದೇಶದ ಕಾಲೇಜುಗಳಲ್ಲೂ ನಡೆಯುವ ಜಿಮ್ಯಾಟ್ ಪರೀಕ್ಷೆ ಬರೆದು, ಒಂದು ವರ್ಷದ ಎಂಬಿಎ ಕೋರ್ಸ್ ಸೇರಿ, ಮುಗಿಸಿದೆ.

ಅದಕ್ಕೇ ಈ ಬರಹ. ಯಾವ ಕಾಲೇಜು ದೊಡ್ಡದು, ಯಾವುದು ಚಿಕ್ಕದು ಅನ್ನುವ ಹೋಲಿಕೆ ಎಲ್ಲಾ ಕಡೆ ಸಿಗುತ್ತದೆ. ನಿಮ್ಮ ಕೈಯಲ್ಲಿ ಈಗ ಏನಿದೆ, ಅದಕ್ಕೆ ಯಾವ ಬಾಗಿಲು ಸರಿ ಅನ್ನುವುದೇ ನನ್ನ ಪ್ರಶ್ನೆ.

ಎರಡು ಬಾಗಿಲು ನೋಡುವುದು ಎರಡು ಬೇರೆ ವಿಷಯ

ಕ್ಯಾಟ್ ಮೂಲಕ ಹೋಗುವುದು ಎರಡು ವರ್ಷದ ಕೋರ್ಸಿಗೆ. ಐಐಎಂಗಳು, ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್ ಎಲ್ಲ ಈ ಕಡೆ. ಜಿಮ್ಯಾಟ್ ಅಥವಾ ಅಂಥದ್ದೇ ಇನ್ನೊಂದು ಪರೀಕ್ಷೆಯಾದ ಜಿಆರ್‌ಇ ಮೂಲಕ ಹೋಗುವುದು, ನಮ್ಮ ದೇಶದಲ್ಲಿ, ಹೆಚ್ಚಾಗಿ ಒಂದು ವರ್ಷದ ಕೋರ್ಸಿಗೆ. ಹೈದರಾಬಾದಿನ ಐಎಸ್‌ಬಿಯ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಪಿಜಿಪಿ, ಐಐಎಂ ಅಹಮದಾಬಾದಿನ ಪಿಜಿಪಿಎಕ್ಸ್, ಐಐಎಂ ಬೆಂಗಳೂರಿನ ಇಪಿಜಿಪಿ ಈ ಕಡೆ ಬರುತ್ತವೆ. ವಿದೇಶದ ಕಾಲೇಜುಗಳಿಗೂ ಇದೇ ಬಾಗಿಲು.

ಕ್ಯಾಟ್ ಬಾಗಿಲಿನಲ್ಲಿ ನಿಂತವರು ನಿಮ್ಮ ಅಂಕ ನೋಡುತ್ತಾರೆ. ಕ್ಯಾಟ್ ಅಂಕ, ಹತ್ತನೇ ಕ್ಲಾಸಿನ ಅಂಕ, ಪಿಯುಸಿ ಅಂಕ, ಡಿಗ್ರಿ ಅಂಕ. ಕೆಲಸದ ಅನುಭವಕ್ಕೆ ಒಂದಿಷ್ಟು, ಹುಡುಗಿಯರಿಗೆ ಮತ್ತು ಎಂಜಿನಿಯರಿಂಗ್ ಓದದವರಿಗೆ ಕೆಲವು ಕಡೆ ಒಂದಿಷ್ಟು ಅಂಕ ಸೇರಿಸುತ್ತಾರೆ. ಇಷ್ಟನ್ನೂ ಕೂಡಿಸಿ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಮೇಲೆ ಇದ್ದರೆ ಮಾತ್ರ ಸಂದರ್ಶನ. ಅಲ್ಲಿಯವರೆಗೆ ನಿಮ್ಮ ಕಥೆ ಯಾರೂ ಕೇಳುವುದಿಲ್ಲ. ಲಕ್ಷಾಂತರ ಜನ ಬರೆಯುವ ಪರೀಕ್ಷೆಯಲ್ಲಿ ಕೇಳಲಿಕ್ಕೂ ಆಗುವುದಿಲ್ಲ ಬಿಡಿ. 2024ರ ಕ್ಯಾಟ್‌ಗೆ ಸುಮಾರು 3.29 ಲಕ್ಷ ಜನ ಹೆಸರು ನೋಂದಾಯಿಸಿದ್ದರು, 2.93 ಲಕ್ಷ ಜನ ಬರೆದರು. ಐಐಎಂ ಅಹಮದಾಬಾದಿನ ಒಂದು ಬ್ಯಾಚಿನಲ್ಲಿ ಇರುವುದು ಸುಮಾರು 400 ಜನ.

ಜಿಮ್ಯಾಟ್ ಬಾಗಿಲಿನವರು ಅಂಕ ನೋಡಿದ ಕೂಡಲೇ ನಿಲ್ಲಿಸುವುದಿಲ್ಲ. ಇಷ್ಟು ವರ್ಷ ಎಲ್ಲಿ, ಏನು ಕೆಲಸ ಮಾಡಿದಿರಿ? ಅದರಿಂದ ಏನಾಯಿತು? ಈಗಲೇ ಎಂಬಿಎ ಯಾಕೆ ಬೇಕು? ಇದನ್ನೆಲ್ಲ ಪ್ರಬಂಧದಲ್ಲಿ ಬರೆಯಬೇಕು. ನಿಮ್ಮ ಮೇಲಧಿಕಾರಿ ನಿಮ್ಮ ಬಗ್ಗೆ ಶಿಫಾರಸು ಪತ್ರ ಕೊಡಬೇಕು. ಹಳೇ ಅಂಕ ಕಡಿಮೆ ಇದ್ದವನಿಗೆ ಇಲ್ಲಿ ಉಸಿರಾಡಲು ಜಾಗ ಇದೆ. ಆದರೆ ಹೇಳಿಕೊಳ್ಳುವಂಥ ಕೆಲಸ ಇಲ್ಲದವನಿಗೆ ಇದು ಕಷ್ಟದ ಬಾಗಿಲು. ಜಿಮ್ಯಾಟ್‌ನಲ್ಲಿ ಎಷ್ಟೇ ಅಂಕ ಬಂದರೂ ಖಾಲಿ ಪ್ರಬಂಧ ಖಾಲಿಯೇ.

ಕ್ಯಾಟ್ ದಾರಿ: ಯಾರಿಗೆ ಒಳ್ಳೆಯದು

ಹತ್ತರಿಂದ ಡಿಗ್ರಿವರೆಗೆ 85, 90ರ ಆಸುಪಾಸು ಅಂಕ ಇದ್ದು, ಕೆಲಸಕ್ಕೆ ಸೇರಿ ಮೂರು ವರ್ಷದೊಳಗೆ ಇದ್ದರೆ, ಅಥವಾ ಇನ್ನೂ ಡಿಗ್ರಿ ಕೊನೇ ವರ್ಷದಲ್ಲಿದ್ದರೆ, ಕ್ಯಾಟ್ ಬರೆಯಿರಿ. ಅನುಮಾನವೇ ಬೇಡ. ಡಿಗ್ರಿಯಲ್ಲಿ 50 ಪರ್ಸೆಂಟ್ ಇದ್ದರೆ ಬರೆಯಬಹುದು. ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ 45 ಸಾಕು.

ಪರೀಕ್ಷೆ ವರ್ಷಕ್ಕೆ ಒಂದೇ ಸಲ, ಸಾಮಾನ್ಯವಾಗಿ ನವೆಂಬರ್ ಕೊನೇ ಭಾನುವಾರ. ಅರ್ಜಿ ಆಗಸ್ಟ್‌ನಲ್ಲಿ ತೆರೆದು ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತದೆ. ಬೆಂಗಳೂರಿಗೇ ಬರಬೇಕು ಅಂತಿಲ್ಲ, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಕೇಂದ್ರ ಇರುತ್ತದೆ. ಮೂರು ಭಾಗ: ಇಂಗ್ಲಿಷ್ ಓದುವುದು, ಡೇಟಾ ಮತ್ತು ಲಾಜಿಕ್, ಗಣಿತ. ಒಂದೊಂದಕ್ಕೆ 40 ನಿಮಿಷ. ಒಂದು ಭಾಗದಲ್ಲಿ ಉಳಿದ ಸಮಯ ಇನ್ನೊಂದಕ್ಕೆ ಸಿಗುವುದಿಲ್ಲ. ಸರಿ ಉತ್ತರಕ್ಕೆ 3 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ. ಆಯ್ಕೆ ಕೊಡದೆ ಉತ್ತರ ಟೈಪ್ ಮಾಡಿಸುವ ಪ್ರಶ್ನೆಗಳಿಗೆ ಮಾತ್ರ ತಪ್ಪಿದರೂ ಕಳೆಯುವುದಿಲ್ಲ. ಅಂಥವನ್ನು ಖಾಲಿ ಬಿಡಬೇಡಿ.

ನಮ್ಮ ಕಡೆಯ ಹುಡುಗರಿಗೆ ಗಣಿತ ಅಷ್ಟು ತೊಂದರೆ ಕೊಡುವುದಿಲ್ಲ. ಕೈ ಕೊಡುವುದು ಇಂಗ್ಲಿಷ್ ಓದುವ ಭಾಗ. ಒಟ್ಟು ಪರ್ಸೆಂಟೈಲ್ ಚೆನ್ನಾಗಿದ್ದರೂ ಒಂದು ಭಾಗದಲ್ಲಿ ಕಟ್ ಆಫ್ ದಾಟದಿದ್ದರೆ ಕರೆ ಬರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರಿ ಹಿಂದೆ ಸರಿಯುತ್ತಾರೆ. ಸರಿಯಬೇಡಿ. ಆದರೆ ಮೂರು ತಿಂಗಳಲ್ಲಿ ಮುಗಿಸುತ್ತೇನೆ ಅಂತ ಹೊರಡಬೇಡಿ. ಒಂದು ವರ್ಷ, ದಿನಕ್ಕೆ ಎರಡು ಉದ್ದ ಲೇಖನ. ಓದಿ ಮುಗಿಸಿದ ಮೇಲೆ ಅದನ್ನು ಮುಚ್ಚಿಟ್ಟು, ಬರೆದವನು ಹೇಳಿದ್ದೇನು ಅಂತ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ನಾನು ಮಾಡಿದ್ದು ಇದೇ. ಕನ್ನಡದಲ್ಲಿ ಹೇಳಲಿಕ್ಕೆ ಆಗಲಿಲ್ಲ ಅಂದರೆ ಇಂಗ್ಲಿಷಿನಲ್ಲಿ ಅರ್ಥ ಆಗಿರಲಿಲ್ಲ ಅಂತಲೇ ಲೆಕ್ಕ.

ಇನ್ನೊಂದು ವಿಷಯ. ಕ್ಯಾಟ್ ಅರ್ಜಿಯಲ್ಲಿ ಐಐಎಂಗಳನ್ನು ಅಲ್ಲೇ ಆರಿಸಬಹುದು. ಆದರೆ ಎಫ್‌ಎಂಎಸ್‌ಗೆ, ಐಐಟಿಗಳ ಮ್ಯಾನೇಜ್‌ಮೆಂಟ್ ವಿಭಾಗಗಳಿಗೆ ಬೇರೆಯೇ ಅರ್ಜಿ ಹಾಕಬೇಕು. ಕ್ಯಾಟ್ ಬರೆದ ಸುಸ್ತಿನಲ್ಲಿ ಇದನ್ನು ಮರೆಯುವವರು ಜಾಸ್ತಿ. ಎಫ್‌ಎಂಎಸ್‌ನ ಫೀ ಎರಡು ವರ್ಷಕ್ಕೆ ಎರಡೂವರೆ ಲಕ್ಷದ ಆಸುಪಾಸು. ಹಳೇ ಐಐಎಂಗಳ ಹತ್ತನೇ ಒಂದು ಪಾಲು. ಆ ಅರ್ಜಿ ಮರೆತರೆ ಹೊಟ್ಟೆ ಉರಿಯುತ್ತದೆ.

2ಎ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ

ಇದನ್ನು ಬೇರೆಯಾಗಿಯೇ ಬರೆಯಬೇಕು. ಪ್ರತಿ ವರ್ಷ ನಮ್ಮ ರಾಜ್ಯದ ಎಷ್ಟೋ ಹುಡುಗರು ಇಲ್ಲಿ ಎಡವುತ್ತಾರೆ.

ಸಿಇಟಿಗೆ ನಾವು ಕೊಟ್ಟಿದ್ದು ರಾಜ್ಯದ ಜಾತಿ ಆದಾಯ ಪ್ರಮಾಣಪತ್ರ. ಪ್ರವರ್ಗ 1, 2ಎ, 2ಬಿ, 3ಎ, 3ಬಿ. ಐಐಎಂಗಳು ಕೇಂದ್ರ ಸರ್ಕಾರದ ನಿಯಮ ಪಾಲಿಸುತ್ತವೆ. ಅಲ್ಲಿ ಓಬಿಸಿಗೆ 27, ಎಸ್‌ಸಿಗೆ 15, ಎಸ್‌ಟಿಗೆ 7.5, ಇಡಬ್ಲ್ಯೂಎಸ್ ಅಂದರೆ ಆರ್ಥಿಕವಾಗಿ ಹಿಂದುಳಿದವರಿಗೆ 10 ಪರ್ಸೆಂಟ್ ಮೀಸಲು. ಓಬಿಸಿ ಅಂದರೆ ಕೇಂದ್ರದ ಪಟ್ಟಿಯಲ್ಲಿರುವ ಓಬಿಸಿ, ಅದೂ ಕೆನೆಪದರದಲ್ಲಿ, ಅಂದರೆ ಆದಾಯ ಹುದ್ದೆಯಲ್ಲಿ ಮೇಲಿನ ಸಾಲಿನಲ್ಲಿ, ಇಲ್ಲದವರು. ರಾಜ್ಯದ ಪಟ್ಟಿ, ಕೇಂದ್ರದ ಪಟ್ಟಿ ಎರಡೂ ಒಂದೇ ಅಲ್ಲ. ನಿಮ್ಮ ಜಾತಿ ಅಲ್ಲಿದೆಯಾ ಅಂತ ಮೊದಲು ನೋಡಿಕೊಳ್ಳಿ. ಇದ್ದರೆ ನಾಡಕಚೇರಿಗೆ ಹೋಗಿ ಕೇಂದ್ರದ ನಮೂನೆಯಲ್ಲೇ ಬೇಕು ಅಂತ ಕೇಳಿ. ಬರೀ "ಓಬಿಸಿ ಸರ್ಟಿಫಿಕೇಟ್ ಕೊಡಿ" ಅಂದರೆ ಮಾಮೂಲಿದ್ದೇ ಕೈಗೆ ಬರುತ್ತದೆ. ರಾಜ್ಯದ್ದು ಐದು ವರ್ಷ ನಡೆಯುತ್ತದೆ ಅನ್ನುವ ಧೈರ್ಯದಲ್ಲಿ ಇರಬೇಡಿ. ಕೆನೆಪದರದ ವಿಷಯದಲ್ಲಿ ಐಐಎಂಗಳು ಕೇಳುವುದು ಹೊಸ ಪತ್ರ. ಯಾವ ದಿನಾಂಕದ ನಂತರದ್ದು ಬೇಕು ಅಂತ ಆ ವರ್ಷದ ಕ್ಯಾಟ್ ಅರ್ಜಿಯಲ್ಲಿ ಬರೆದಿರುತ್ತಾರೆ. ಅದನ್ನು ಪ್ರಿಂಟ್ ತೆಗೆದು ಅಪ್ಪನ ಕೈಯಲ್ಲಿ ಕೊಟ್ಟು ಕಳಿಸಿ.

ನನ್ನ ಜೊತೆ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ 3ಬಿ ಪತ್ರ ಹಿಡಿದುಕೊಂಡು ಓಬಿಸಿ ಅಂತ ಅರ್ಜಿ ತುಂಬಿದ್ದ. ಸಂದರ್ಶನದ ದಿನ ಕಾಗದ ನೋಡುವ ಮೇಜಿನ ಹತ್ತಿರವೇ ಅವನ ದಾರಿ ನಿಂತಿತು. ಒಂದು ವರ್ಷದ ಓದು. ಅವನ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಜಿಮ್ಯಾಟ್ ದಾರಿ: ಒಂದು ವರ್ಷದ ಕೋರ್ಸ್

ಐಎಸ್‌ಬಿ ಶುರುವಾಗಿದ್ದು 2001ರಲ್ಲಿ, ಹೈದರಾಬಾದಿನಲ್ಲಿ. ಮೊಹಾಲಿ ಕ್ಯಾಂಪಸ್ 2012ರಲ್ಲಿ ಬಂತು. ಅಲ್ಲಿನ ಪಿಜಿಪಿಗೆ ಕನಿಷ್ಠ ಎರಡು ವರ್ಷ ಕೆಲಸ ಮಾಡಿರಬೇಕು. ಐಐಎಂ ಅಹಮದಾಬಾದಿನ ಪಿಜಿಪಿಎಕ್ಸ್‌ಗೆ ನಾಲ್ಕು ವರ್ಷ ಆಗಿರಬೇಕು, ವಯಸ್ಸು 25 ದಾಟಿರಬೇಕು. ಬೆಂಗಳೂರಿನ ಇಪಿಜಿಪಿಗೆ ಐದು ವರ್ಷ. ಇವು ಕನಿಷ್ಠದ ಮಾತು. ಕ್ಲಾಸಿನಲ್ಲಿ ಕೂತವರಲ್ಲಿ ಇದಕ್ಕಿಂತ ಜಾಸ್ತಿ ಅನುಭವ ಇದ್ದವರೇ ಹೆಚ್ಚು. ಎರಡು ವರ್ಷ ಒಂದು ತಿಂಗಳಿಗೆ ಐಎಸ್‌ಬಿಗೆ ಅರ್ಜಿ ಹಾಕಬಹುದು, ಆದರೆ ಹೇಳಲಿಕ್ಕೆ ಅಷ್ಟೇನು ಇರುತ್ತದೆ? ಇನ್ನೊಂದೆರಡು ವರ್ಷ ಕಾಯುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಜಿಮ್ಯಾಟ್ 2023ರ ಕೊನೆಯಿಂದ ಹೊಸ ರೂಪದಲ್ಲಿದೆ. ಎರಡು ಕಾಲು ಗಂಟೆಯ ಪರೀಕ್ಷೆ, ಮೂರು ಭಾಗ, ಒಂದೊಂದಕ್ಕೆ 45 ನಿಮಿಷ. ಅಂಕ 205ರಿಂದ 805ರವರೆಗೆ. ಹಳೇ ಕಾಲದವರು "700 ದಾಟಬೇಕು" ಅಂತ ಹೇಳುತ್ತಾರಲ್ಲ, ಅದು ಹಳೇ ಅಳತೆ. ಹೊಸದರಲ್ಲಿ 645 ಅಂದರೆ ಹಳೇ 700ಕ್ಕೆ ಹತ್ತಿರ. ಇದು ಗೊತ್ತಿಲ್ಲದೆ 655 ಬಂದವರು ಬೇಜಾರು ಮಾಡಿಕೊಂಡು ಕೂತಿದ್ದನ್ನು ನೋಡಿದ್ದೇನೆ.

ಫೀ ಸುಮಾರು 25 ಸಾವಿರ, ಕ್ಯಾಟ್‌ಗೆ ಹೋಲಿಸಿದರೆ ಹತ್ತು ಪಟ್ಟು. ಆದರೆ ಇಲ್ಲಿ ಮೂರು ಅನುಕೂಲ ಇವೆ. ವರ್ಷದ ಯಾವ ತಿಂಗಳಲ್ಲಾದರೂ ಬರೆಯಬಹುದು. ಹನ್ನೆರಡು ತಿಂಗಳಲ್ಲಿ ಐದು ಸಲದವರೆಗೆ ಬರೆಯಬಹುದು. ಒಮ್ಮೆ ಬಂದ ಅಂಕ ಐದು ವರ್ಷ ನಡೆಯುತ್ತದೆ. ಕ್ಯಾಟ್ ದಿನ ಜ್ವರ ಬಂದರೆ ಒಂದು ವರ್ಷ ಹೋಯಿತು. ಕೆಲಸದಲ್ಲಿ ಇರುವವರಿಗೆ ಈ ವ್ಯತ್ಯಾಸ ತುಂಬಾ ದೊಡ್ಡದು. ನನ್ನ ಮೊದಲ ಕ್ಯಾಟ್‌ನ ವಾರವೇ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ರಿಲೀಸ್ ಇತ್ತು. ಮೂರು ರಾತ್ರಿ ನಿದ್ದೆ ಇಲ್ಲದೆ ಹೋಗಿ ಬರೆದೆ. ಜಿಮ್ಯಾಟ್ ಆಗಿದ್ದರೆ ದಿನಾಂಕ ಮುಂದಕ್ಕೆ ಹಾಕುತ್ತಿದ್ದೆ.

ಪ್ರಬಂಧ: ನನ್ನ ಮೊದಲ ಕರಡು ಯಾಕೆ ಹಾಳಾಗಿತ್ತು

ನಾನು ಕೆಲಸ ಮಾಡುತ್ತಿದ್ದುದು ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ತಂಡದಲ್ಲಿ. ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: "ಹನ್ನೆರಡು ಜನರ ತಂಡದ ಜೊತೆ ಸೇರಿ ಬಿಲ್ಲಿಂಗ್ ವ್ಯವಸ್ಥೆಯ ಕಾರ್ಯಕ್ಷಮತೆಯನ್ನು ಗಣನೀಯವಾಗಿ ಹೆಚ್ಚಿಸಿದೆ." ಇಂಗ್ಲಿಷಿನಲ್ಲಿ ಇನ್ನೂ ದೊಡ್ಡ ದೊಡ್ಡ ಪದ ಇದ್ದವು. ಫೋನಿನಲ್ಲಿ ಅಕ್ಕನಿಗೆ ಓದಿ ಹೇಳಿದೆ. ಅವಳು ಹೈಸ್ಕೂಲ್ ಟೀಚರ್. ಪೂರ್ತಿ ಕೇಳಿ, "ಎಲ್ಲಾ ಸರಿ ಕಣೋ, ಇದರಲ್ಲಿ ನೀನು ಏನು ಮಾಡ್ದೆ?" ಅಂದಳು.

ನಾನು ಕನ್ನಡದಲ್ಲಿ ಹೇಳಲಿಕ್ಕೆ ಶುರು ಮಾಡಿದೆ. ತುಮಕೂರಿನ ಒಂದು ಅಂಗಡಿಯಿಂದ ದೂರು ಬರುತ್ತಲೇ ಇತ್ತು. ಆಫೀಸಿನಲ್ಲಿ ಕೂತು ಎಷ್ಟು ನೋಡಿದರೂ ತಪ್ಪು ಸಿಗಲಿಲ್ಲ. ಒಂದು ಶನಿವಾರ ಬಸ್ ಹತ್ತಿ ಅಲ್ಲಿಗೇ ಹೋದೆ. ಕ್ಯಾಶ್ ಕೌಂಟರ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಸಂಜೆ ಆರಕ್ಕೆ ರಶ್ ಶುರುವಾಯಿತು. ಆಗ ಕೌಂಟರಿನ ಹುಡುಗಿ ಕಂಪ್ಯೂಟರ್ ಬಿಟ್ಟು, ಡ್ರಾಯರಿನಿಂದ ಒಂದು ಹಳೇ ಬಿಲ್ ಪುಸ್ತಕ ತೆಗೆದು ಕೈಯಲ್ಲೇ ಬರೆಯತೊಡಗಿದಳು. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಬಿಲ್ಲಿಗೆ ಮೂರು ಪರದೆ ದಾಟಬೇಕಿತ್ತು. ಜನ ಸಾಲಾಗಿ ನಿಂತಾಗ ಅವಳಿಗೆ ಅಷ್ಟು ಹೊತ್ತು ಎಲ್ಲಿದೆ? ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಹಾಕುತ್ತಿದ್ದಳು, ಅದರಲ್ಲಿ ತಪ್ಪಾಗುತ್ತಿತ್ತು. ವಾಪಸ್ ಬಂದು ಮೂರು ಪರದೆಯನ್ನು ಒಂದು ಮಾಡಬೇಕು ಅಂತ ಹಟ ಹಿಡಿದೆ. ಮೇಲಿನವರು ಒಪ್ಪಲು ಎರಡು ತಿಂಗಳು ಹಿಡಿಯಿತು.

"ಇದನ್ನೇ ಬರಿ," ಅಂದಳು ಅಕ್ಕ.

ಇದನ್ನೇ ಬರೆದೆ. ಬಿಲ್ ಪುಸ್ತಕ, ಸ್ಟೂಲ್, ಆರು ಗಂಟೆಯ ರಶ್ ಸಮೇತ. ಸಂದರ್ಶನದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ ಆ ಹುಡುಗಿಯ ಬಗ್ಗೆ. "ಹೊಸ ಪರದೆ ಬಂದಮೇಲೆ ಅವಳು ಬಿಲ್ ಪುಸ್ತಕ ಬಿಟ್ಟಳಾ?" ಬಿಟ್ಟಿರಲಿಲ್ಲ, ಕರೆಂಟ್ ಹೋದಾಗ ಬೇಕಲ್ಲ ಅಂತ ಇಟ್ಟುಕೊಂಡಿದ್ದಳು. ಹಾಗೇ ಹೇಳಿದೆ.

ಹಾಗಾಗಿ ನನ್ನ ಸಲಹೆ: ಇಂಗ್ಲಿಷಿನಲ್ಲಿ ಬರೆಯುವ ಮೊದಲು ಮನೆಯವರಿಗೆ ಕನ್ನಡದಲ್ಲಿ ಹೇಳಿ. ನಿಮ್ಮ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಹೇಳಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ನಿಮ್ಮ ಪ್ರಬಂಧ ಇದೆ. ದುಡ್ಡು ಕೊಟ್ಟರೆ ಪ್ರಬಂಧ ಬರೆದುಕೊಡುವವರು ಇದ್ದಾರೆ. ಅವರ ಹತ್ತಿರ ಹೋಗಬೇಡಿ. ಅದು ಮೋಸ, ಮತ್ತೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಶಿಫಾರಸು ಪತ್ರದಲ್ಲೂ ಇದೇ ತೊಂದರೆ. ನಿಮ್ಮ ಮ್ಯಾನೇಜರ್ ಒಳ್ಳೆಯವರೇ ಇರಬಹುದು. ಆದರೆ ಕೇಳಿದ ಕೂಡಲೇ, "ನೀನೇ ಬರೆದು ಕಳ್ಸಪ್ಪ, ನಾನು ಹಾಕ್ತೀನಿ" ಅಂತಾರೆ. ಒಪ್ಪಬೇಡಿ. ಮರ್ಯಾದೆಯಿಂದಲೇ ಹೇಳಿ: "ಸರ್, ಬರೆಯೋದು ನೀವೇ ಬರೀಬೇಕು. ನೆನಪಿಗೆ ಅಂತ ನಾವು ಮಾಡಿದ ನಾಲ್ಕು ಕೆಲಸ ಒಂದು ಹಾಳೆಯಲ್ಲಿ ಬರ್ಕೊಂಡು ಬಂದಿದೀನಿ. ಅರ್ಧ ಗಂಟೆ ಟೀ ಕುಡೀತಾ ಮಾತಾಡೋಣ." ಇದಕ್ಕೆ ಇಲ್ಲ ಅನ್ನುವವರು ಕಡಿಮೆ. ದೊಡ್ಡ ಹುದ್ದೆಯವರ ಹೆಸರಿಗೆ ಆಸೆಪಡಬೇಡಿ. ನಿಮ್ಮನ್ನು ದಿನಾ ನೋಡಿದ ಟೀಮ್ ಲೀಡ್ ಬರೆದ ಹತ್ತು ಸಾಲಿಗೆ ಹೆಚ್ಚು ತೂಕ.

ಒಂದು ವರ್ಷವೋ, ಎರಡು ವರ್ಷವೋ

ಬಾಗಿಲು ಯಾವುದೇ ಇರಲಿ, ಕೋರ್ಸಿನ ಉದ್ದದ ಬಗ್ಗೆ ಬೇರೆಯಾಗಿ ಯೋಚಿಸಬೇಕು. ಎರಡು ವರ್ಷದ ಕೋರ್ಸಿನಲ್ಲಿ ಮೊದಲ ವರ್ಷ ಮುಗಿದ ಮೇಲೆ ಬೇಸಿಗೆಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಇರುತ್ತದೆ. ಒಂದು ವರ್ಷದ್ದರಲ್ಲಿ ಅದಕ್ಕೆ ಸಮಯವೇ ಇಲ್ಲ. ಕೋಡಿಂಗ್ ಬಿಟ್ಟು ಬ್ಯಾಂಕಿಂಗ್‌ಗೋ ಮಾರ್ಕೆಟಿಂಗ್‌ಗೋ ಪೂರ್ತಿ ಹೊರಳಬೇಕು ಅನ್ನುವವರಿಗೆ ಆ ಎರಡು ತಿಂಗಳು ಬಹಳ ಮುಖ್ಯ. ಅಲ್ಲಿ ಹೋಗಿ ನೋಡಬಹುದು, ಇಷ್ಟ ಆಗದಿದ್ದರೆ ವಾಪಸ್ ಬಂದು ಬೇರೆಯದು ಹುಡುಕಬಹುದು. ಚೆನ್ನಾಗಿ ಮಾಡಿದವರಿಗೆ ಅಲ್ಲೇ ಕೆಲಸವೂ ಸಿಗುತ್ತದೆ. ನಾನು ಒಂದು ವರ್ಷದ್ದು ಮಾಡಿದವನು. ಸಾಫ್ಟ್‌ವೇರಿನಿಂದ ಪ್ರಾಡಕ್ಟ್ ಮ್ಯಾನೇಜ್‌ಮೆಂಟಿಗೆ ಹೋದೆ, ಅದು ಪಕ್ಕದ ಮನೆ ಇದ್ದ ಹಾಗೆ, ಹೋಗಲು ಕಷ್ಟ ಆಗಲಿಲ್ಲ. ನನ್ನ ಕ್ಲಾಸಿನಲ್ಲಿ ಪೂರ್ತಿ ಹೊರಳಲು ಬಂದವರು ತುಂಬಾ ಒದ್ದಾಡಿದರು. ಹೋಗಬೇಕಾದ ಜಾಗ ಗೊತ್ತಿದ್ದರೆ ಒಂದು ವರ್ಷ ಸಾಕು. ಇನ್ನೂ ಹುಡುಕುತ್ತಿದ್ದರೆ ಎರಡು ವರ್ಷವೇ ಬೇಕು.

ದುಡ್ಡಿನ ಲೆಕ್ಕ ಹೀಗಿದೆ. ಹಳೇ ಮೂರು ಐಐಎಂಗಳಲ್ಲಿ ಎರಡು ವರ್ಷಕ್ಕೆ ಸುಮಾರು 26 ಲಕ್ಷ ಅಂತ ಇಟ್ಟುಕೊಳ್ಳಿ. ಐಎಸ್‌ಬಿಯಲ್ಲಿ ಊಟ ವಸತಿ ಎಲ್ಲ ಸೇರಿ 40ರ ಆಸುಪಾಸು. ನೋಡಿದ ಕೂಡಲೇ ಐಎಸ್‌ಬಿ ದುಬಾರಿ ಅನ್ನಿಸುತ್ತದೆ. ಆದರೆ ನಿಮ್ಮ ಸಂಬಳ ವರ್ಷಕ್ಕೆ 12 ಲಕ್ಷ ಇದ್ದರೆ, ಎರಡು ವರ್ಷ ಮನೆಗೆ ಬಾರದ ಸಂಬಳ 24 ಲಕ್ಷ, ಒಂದು ವರ್ಷಕ್ಕಾದರೆ 12 ಲಕ್ಷ. ಫೀ ಜೊತೆ ಕೂಡಿಸಿದರೆ ಐಐಎಂ ಕಡೆ 50, ಐಎಸ್‌ಬಿ ಕಡೆ 52. ಹೆಚ್ಚುಕಡಿಮೆ ಒಂದೇ. ಸಂಬಳ 20 ಲಕ್ಷ ಇದ್ದರೆ ಒಂದು ವರ್ಷದ್ದೇ ಅಗ್ಗ. ಸಂಬಳ 5 ಲಕ್ಷ ಇದ್ದವರಿಗೆ ಎರಡು ವರ್ಷದ್ದೇ ಅಗ್ಗ. ನಿಮ್ಮ ಸಂಖ್ಯೆ ಹಾಕಿ ಒಂದು ಚೀಟಿಯಲ್ಲಿ ಲೆಕ್ಕ ಮಾಡಿ.

ಸಾಲದ ಕಂತು ಕೂಡ ನೋಡಿಬಿಡಿ. ಬಡ್ಡಿ 9 ಪರ್ಸೆಂಟ್, ಹತ್ತು ವರ್ಷ ಅಂದರೆ 25 ಲಕ್ಷಕ್ಕೆ ತಿಂಗಳಿಗೆ 31,700 ರೂಪಾಯಿ ಹತ್ತಿರ, 40 ಲಕ್ಷಕ್ಕೆ 50,700 ಹತ್ತಿರ. ಓದುವಾಗ ಕಂತು ಕಟ್ಟದಿದ್ದರೂ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಈ ದೊಡ್ಡ ಸಂಸ್ಥೆಗಳಿಗಾದರೆ ಬ್ಯಾಂಕುಗಳು ಹೊಲ ಮನೆ ಅಡವಿಡದೆ ಸಾಲ ಕೊಡುತ್ತವೆ. ಅಪ್ಪ ಜಮೀನಿನ ಪತ್ರ ತೆಗೆಯುವ ಮೊದಲು ಅವರಿಗೆ ಇದನ್ನು ಹೇಳಿ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಮನೆಯ ಆದಾಯ 8 ಲಕ್ಷದ ಒಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ 3 ಪರ್ಸೆಂಟ್ ರಿಯಾಯಿತಿಗೆ ಅರ್ಜಿ ಹಾಕಬಹುದು. ಕಟ್ಟಿದ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಆದರೆ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಉಳಿದ ಬಾಗಿಲುಗಳು

ಜಮ್ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಕಾಲೇಜು 1949ರಷ್ಟು ಹಳೆಯದು, ಐಐಎಂಗಳಿಗಿಂತಲೂ ಹಿಂದಿನದು. ಎಚ್‌ಆರ್ ಕಡೆ ಹೋಗುವ ಮನಸ್ಸಿದ್ದರೆ ಅದನ್ನು ಬಿಡಬೇಡಿ. ಅದಕ್ಕೆ ಜನವರಿ ಮೊದಲ ವಾರದ ಎಕ್ಸ್‌ಎಟಿ ಅನ್ನುವ ಬೇರೆ ಪರೀಕ್ಷೆ ಬರೆಯಬೇಕು. ಕ್ಯಾಟ್‌ಗೆ ಓದಿದ್ದೇ ಬಹುಪಾಲು ಸಾಕಾಗುತ್ತದೆ.

ವಿದೇಶ ಅಂದರೆ ಅಮೆರಿಕದ ದೊಡ್ಡ ಕಾಲೇಜುಗಳಲ್ಲಿ ಎರಡು ವರ್ಷಕ್ಕೆ ಎಲ್ಲ ಸೇರಿ 2 ಲಕ್ಷ ಡಾಲರಿಗೂ ಜಾಸ್ತಿ. ಫ್ರಾನ್ಸಿನ ಇನ್ಸಿಯಾಡ್ ಹತ್ತು ತಿಂಗಳದ್ದು. ಅಮೆರಿಕದಲ್ಲಿ ಅರ್ಜಿಗೆ ಸಾಮಾನ್ಯವಾಗಿ ಸೆಪ್ಟೆಂಬರ್, ಜನವರಿ, ಏಪ್ರಿಲ್ ಹೀಗೆ ಸುತ್ತುಗಳು. ವೀಸಾ ಬೇಕಾದ ನಾವು ಮೂರನೇ ಸುತ್ತಿನವರೆಗೆ ಕಾಯಬಾರದು. ಡಾಲರಿನಲ್ಲಿ ಸಾಲ ಮಾಡಿ ಅಲ್ಲೇ ಕೆಲಸ ಸಿಗುತ್ತದೆ ಅಂತ ನಂಬಿ ಹೋಗುವುದು ಇವತ್ತಿನ ವೀಸಾ ಪರಿಸ್ಥಿತಿಯಲ್ಲಿ ನನಗೆ ಧೈರ್ಯ ಬರುವುದಿಲ್ಲ. ಒಳ್ಳೇ ಸ್ಕಾಲರ್‌ಶಿಪ್ ಸಿಕ್ಕರೆ ಮಾತು ಬೇರೆ.

ಕೆಲಸ ಬಿಡಲಿಕ್ಕೆ ಆಗದವರಿಗೆ, ಬೆಂಗಳೂರಿನಲ್ಲೇ ಇರುವವರಿಗೆ, ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಪಿಜಿಪಿಇಎಂ ಅನ್ನುವ ವಾರಾಂತ್ಯದ ಕೋರ್ಸ್ ಇದೆ. ವಾಸ್ತುಶಿಲ್ಪಿ ಬಿ.ವಿ. ದೋಶಿ ವಿನ್ಯಾಸ ಮಾಡಿದ ಆ ಕಲ್ಲಿನ ಕಾರಿಡಾರಿನಲ್ಲಿ ಕ್ಲಾಸಿಗೆ ಓಡುವ ನಡುವಯಸ್ಸಿನವರನ್ನು ನೋಡಬಹುದು. ಇದು ಇರುವ ಕೆಲಸದಲ್ಲಿ ಮೇಲೇರಲು ಒಳ್ಳೆಯದು, ಕೆಲಸವನ್ನೇ ಬದಲಾಯಿಸಲು ಅಲ್ಲ.

ನಮ್ಮ ರಾಜ್ಯದ ಪರೀಕ್ಷಾ ಪ್ರಾಧಿಕಾರ (ಕೆಇಎ) ಎಂಬಿಎ ಸೀಟಿಗೆ ನಡೆಸುವ ಪಿಜಿಸಿಇಟಿ ಪರೀಕ್ಷೆಯನ್ನು ಜನ ಮೂಗು ಮುರಿದು ನೋಡುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ಬಹದ್ದೂರ್ ಇನ್‌ಸ್ಟಿಟ್ಯೂಟ್, ಧಾರವಾಡದ ಕೌಸಾಳಿ ಇನ್‌ಸ್ಟಿಟ್ಯೂಟ್ ಇವೆಲ್ಲ ವಿಶ್ವವಿದ್ಯಾಲಯದ ಕಡಿಮೆ ಫೀಯಲ್ಲಿ ಓದಿಸುತ್ತವೆ. ಮನೆಯ ವ್ಯವಹಾರ ನೋಡಿಕೊಳ್ಳಬೇಕಾದವರಿಗೆ, ಊರು ಬಿಟ್ಟು ಹೋಗಲಾರದವರಿಗೆ ಇದು ಸರಿಯಾದ ದಾರಿ. ನಾನು ಬೇಡ ಅನ್ನುವುದು ಇದರ ನಡುವಿನದನ್ನು: ಕ್ಯಾಟ್‌ನಲ್ಲಿ 60 ಪರ್ಸೆಂಟೈಲ್ ಬಂದರೂ ಕರೆದು ಸೀಟು ಕೊಟ್ಟು, 12, 15 ಲಕ್ಷ ಕೇಳುವ ಕಾಲೇಜುಗಳು. ಅಲ್ಲಿ ದುಡ್ಡು ಹಾಕುವ ಮೊದಲು ಹೋದ ವರ್ಷ ಓದಿ ಮುಗಿಸಿದ ಐದು ಜನರನ್ನು ಹುಡುಕಿ ಮಾತಾಡಿ. ಕಾಲೇಜು ಕೊಟ್ಟ ನಂಬರಿಗೆ ಅಲ್ಲ, ನೀವೇ ಹುಡುಕಿದವರಿಗೆ ಫೋನ್ ಮಾಡಿ.

ಸಂದರ್ಶನ: ಎರಡೂ ದಾರಿ ಇಲ್ಲಿ ಸೇರುತ್ತವೆ

ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬಳು ತೀರ್ಥಹಳ್ಳಿಯವಳು. ಮನೆಯಲ್ಲಿ ಅಡಿಕೆ ತೋಟ. ಸಂದರ್ಶನಕ್ಕೆ ಅಂತ ದೇಶದ ಬಜೆಟ್ಟು, ರೆಪೊ ದರ ಎಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. ಅವರು ಕೇಳಿದ್ದು ಅಡಿಕೆ. "ನಿಮ್ಮ ಕಡೆ ಅಡಿಕೆಯಲ್ಲಿ ಎಷ್ಟು ಬಗೆ?" ಅಂದರು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಹೇಳಿದಳು. "ಸರಕಿಗೆ ಯಾಕೆ ಜಾಸ್ತಿ ಬೆಲೆ, ಗೊರಬಲಿಗೆ ಯಾಕೆ ಕಡಿಮೆ? ನಿಮ್ಮ ತಂದೆ ಯಾವ ತಿಂಗಳಲ್ಲಿ ಮಾರುತ್ತಾರೆ, ಯಾಕೆ?" ಅಲ್ಲಿ ನಿಂತುಹೋಯಿತು. ಅಷ್ಟು ವರ್ಷ ಅಂಗಳದಲ್ಲಿ ಅಡಿಕೆ ಒಣಗುವುದನ್ನು ನೋಡಿದ್ದಳು, ಅಪ್ಪನನ್ನು ಇದನ್ನು ಕೇಳಿರಲಿಲ್ಲ.

ಮುಂದಿನ ಸಂದರ್ಶನಕ್ಕೆ ಹದಿನೈದು ದಿನ ಇತ್ತು. ಅವಳು ಊರಿಗೆ ಹೋದಳು. ಅಪ್ಪನ ಜೊತೆ ಶಿವಮೊಗ್ಗದ ಮಂಡಿಯಲ್ಲಿ ಎರಡು ದಿನ ಕೂತಳು. ಸಾಲ ತೀರಿಸುವ ತಿಂಗಳು ಯಾವುದು, ಕೈಯಲ್ಲಿ ದುಡ್ಡಿದ್ದವರು ಮಾತ್ರ ಯಾಕೆ ಕಾದು ಮಾರಬಲ್ಲರು, ಸೊಸೈಟಿಗೆ ಹಾಕಿದರೆ ಏನು ವ್ಯತ್ಯಾಸ, ಎಲ್ಲ ಕೇಳಿಕೊಂಡು ಬಂದಳು. ಎರಡನೇ ಕಡೆ ಸೀಟು ಸಿಕ್ಕಿತು.

ನಿಮ್ಮ ಊರು ಕೋಲಾರ ಆದರೆ ಟೊಮೆಟೊ, ಇಳಕಲ್ ಆದರೆ ಸೀರೆ, ಬ್ಯಾಡಗಿ ಆದರೆ ಮೆಣಸಿನಕಾಯಿ. ಅರ್ಜಿಯಲ್ಲಿ ಬರೆದ ಊರಿನ ಹೆಸರೇ ಒಂದು ಪ್ರಶ್ನೆ ಅಂತ ತಿಳಿದುಕೊಳ್ಳಿ. ಇದಕ್ಕೆ ಕೋಚಿಂಗ್ ಬೇಡ, ಒಂದು ವಾರ ಊರಿಗೆ ಹೋಗಿ ಬಂದರೆ ಸಾಕು.

ಮತ್ತೆ ಚಿಕ್ಕಮ್ಮನ ಮಗನ ವಿಷಯ

ಆ ರಾತ್ರಿ ಅವನು ಮಾರ್ಕ್ಸ್ ಕಾರ್ಡ್‌ಗಳ ಫೋಟೋ ಕಳಿಸಿದ. ಎಸ್ಸೆಸ್ಸೆಲ್ಸಿ 94, ಪಿಯುಸಿ 88, ಎಂಜಿನಿಯರಿಂಗ್ ಸಿಜಿಪಿಎ 8.4. ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮೂರು ವರ್ಷದ ಕೆಲಸ. ಮುಂದೆ ಏನು ಅಂತ ಇನ್ನೂ ಸ್ಪಷ್ಟ ಇಲ್ಲ, ಫೈನಾನ್ಸ್ ಅಂತಾನೆ, ಮಾರನೇ ದಿನ ಕನ್ಸಲ್ಟಿಂಗ್ ಅಂತಾನೆ. ಇವನಿಗೆ ಎರಡು ವರ್ಷದ ಕೋರ್ಸೇ ಸರಿ, ಕ್ಯಾಟ್ ಬಾಗಿಲೇ ಸರಿ ಅಂತ ಹೇಳಿದೆ. ಈ ಸಲ ಬರಿ, ಆಗಲಿಲ್ಲ ಅಂದರೆ ಮುಂದಿನ ವರ್ಷ ಇನ್ನೊಂದು ಸಲ. ಅಷ್ಟರಲ್ಲಿ ಕೆಲಸ ನಾಲ್ಕು ವರ್ಷ ದಾಟುತ್ತದೆ, ಆಗ ಜಿಮ್ಯಾಟ್ ನೋಡೋಣ. ಈಗಿನಿಂದಲೇ ಒಂದು ನೋಟ್‌ಬುಕ್ ಇಟ್ಟು, ತಿಂಗಳಿಗೊಮ್ಮೆ ಆಫೀಸಿನಲ್ಲಿ ಏನು ಮಾಡಿದೆ ಅಂತ ನಾಲ್ಕು ಸಾಲು ಬರೆದಿಡು ಅಂದೆ. ಯಾವ ಬಾಗಿಲಿಗೆ ಹೋದರೂ ಅದು ಬೇಕಾಗುತ್ತದೆ.

ಅವರದ್ದು 2ಎ, ಕೇಂದ್ರದ ಪಟ್ಟಿಯಲ್ಲೂ ಇದೆ. ಸರ್ಟಿಫಿಕೇಟಿಗೆ ಅಂತ ಮುಂದಿನ ವಾರವೇ ಚಿಕ್ಕಪ್ಪನ ಜೊತೆ ನಾಡಕಚೇರಿಗೆ ಹೋದ. ಅರ್ಜಿ ಕೊಟ್ಟ ಚೀಟಿಯ ಫೋಟೋ ವಾಟ್ಸಾಪ್‌ನಲ್ಲಿ ಬಂತು. ಕೆಳಗೆ ಬರೆದಿದ್ದ: "ಕೇಂದ್ರದ ನಮೂನೇನೇ ಅಂತ ಎರಡು ಸಲ ಕೇಳ್ಕೊಂಡೆ ಅಣ್ಣ."